ಹಾಳೆಯ ಹಿಂಬದಿ ನೋಡದೆ ಫ್ರೇಮ್ ಹಾಕಿಸಬೇಡಿ

ಮಾಮಾನ ಚಿತ್ರಪ್ರದರ್ಶನ ಮುಗಿದು ಹನ್ನೆರಡು ದಿನವಾಯಿತು. ನಿನ್ನೆ ಸಂಜೆ ಕೊನೆಯ ಟೆಂಪೊ ಬಂದು ಮೂವತ್ತೆರಡು ಫ್ರೇಮುಗಳನ್ನು ನಮ್ಮ ಹುಬ್ಬಳ್ಳಿಯ ಮನೆಯ ಮಾಳಿಗೆಗೆ ಏರಿಸಿ ಹೋಯಿತು. ಹದಿನಾಲ್ಕು ತಿಂಗಳು ಇದರ ಹಿಂದೆಯೇ ಓಡಾಡಿದ್ದೇನೆ. ಈ ನಡುವೆ ಮೂರು ಮನೆಯವರು ಫೋನ್ ಮಾಡಿದರು. ಮೂವರ ಮನೆಯಲ್ಲೂ ತೀರಿಹೋದ ಒಬ್ಬ ಡ್ರಾಯಿಂಗ್ ಮಾಸ್ತರರಿದ್ದಾರೆ, ಮಂಚದ ಕೆಳಗೆ ಒಂದು ಟ್ರಂಕಿದೆ, "ಈಗ ಏನ್ ಮಾಡೋದ್ರಿ?" ಎಂಬ ಪ್ರಶ್ನೆಯಿದೆ. ಮೂವರಿಗೂ ಅದನ್ನೇ ಹೇಳಿ ಹೇಳಿ ಗಂಟಲು ಸೋತಿದ್ದರಿಂದ ಬರೆದುಬಿಡುತ್ತಿದ್ದೇನೆ. ನಾನು ಚಿತ್ರಕಲೆ ಓದಿದವಳಲ್ಲ, ಲೆಕ್ಕಪತ್ರ ಬರೆಯುವವಳು. ಹಾಗಾಗಿ ಇದರಲ್ಲಿ ಕಲೆಯ ಮಾತು ಕಡಿಮೆ, ರಶೀದಿಯ ಮಾತು ಜಾಸ್ತಿ.

ಮಾಮಾ ಎಂದರೆ ನನ್ನ ಅವ್ವನ ತಮ್ಮ. 1946ರಲ್ಲಿ ಹುಟ್ಟಿದವರು. ಟಿ.ಪಿ. ಅಕ್ಕಿಯವರು ಕಟ್ಟಿದ ಗದಗಿನ ವಿಜಯ ಕಲಾ ಮಂದಿರದಲ್ಲಿ ಕುಂಚ ಹಿಡಿಯಲು ಕಲಿತು, ಊರಿನದೇ ಒಂದು ಹೈಸ್ಕೂಲಿಗೆ 1970ರಲ್ಲಿ ಡ್ರಾಯಿಂಗ್ ಮಾಸ್ತರರಾಗಿ ಸೇರಿ 2004ರಲ್ಲಿ ನಿವೃತ್ತರಾದರು. ಮದುವೆಯಾಗಲಿಲ್ಲ. ಸಂಬಳದಲ್ಲಿ ಅರ್ಧ ರೈಲಿಗೆ, ಕಾಲು ಬಣ್ಣಕ್ಕೆ, ಉಳಿದದ್ದು ಖಾನಾವಳಿಗೆ. ಏಪ್ರಿಲ್ ಹತ್ತಕ್ಕೆ ಶಾಲೆ ಮುಗಿದರೆ ಹನ್ನೊಂದರ ರಾತ್ರಿ ಅವರು ಗದಗ ಸ್ಟೇಶನ್ನಿನಲ್ಲಿ. ಬಗಲಿಗೊಂದು ಖಾದಿ ಚೀಲ, ಅದರೊಳಗೆ ತಗಡಿನ ಬಣ್ಣದ ಡಬ್ಬಿ, ಮಿಲಿಟರಿ ನೀರಿನ ಬಾಟಲಿ, ಹಾಳೆಗೆ ಒತ್ತು ಕೊಡಲು ಒಂದು ಪರೀಕ್ಷಾ ಪ್ಯಾಡು. ಅಜಂತಾ, ಕಾಶಿ, ಕೊನಾರ್ಕ, ಡಾರ್ಜಿಲಿಂಗ್, ರಕ್ಸೌಲ್ ದಾಟಿ ಕಾಠ್ಮಂಡು. ನೇಪಾಳಕ್ಕೆ ಪಾಸ್‌ಪೋರ್ಟ್ ಬೇಡ ಎಂಬುದೇ ಅವರಿಗೆ ಅದರ ದೊಡ್ಡ ಗುಣ. ಜೂನ್ ಮೊದಲ ವಾರಕ್ಕೆ ಕಪ್ಪಗೆ ಸುಟ್ಟುಕೊಂಡು ವಾಪಸ್. ನಮಗೆ ತರುತ್ತಿದ್ದದ್ದು ಏನೂ ಇಲ್ಲ. ಅವ್ವನಿಗೆ ಮಾತ್ರ ಹೋದಲ್ಲಿಂದ ಒಂದು ಅಂಚೆ ಕಾರ್ಡು: ಒಂದು ಮಗ್ಗುಲಲ್ಲಿ ವಿಳಾಸ, ಇನ್ನೊಂದರಲ್ಲಿ ಮಸಿಯಿಂದ ಗೀಚಿದ ಒಂದು ಚಿತ್ರ, ಮೂಲೆಯಲ್ಲಿ "ಅರಾಮ ಇದ್ದೇನೆ".

ಕಳೆದ ವರ್ಷ ಜುಲೈನಲ್ಲಿ, ಮಳೆ ಹಿಡಿದ ಒಂದು ಬೆಳಿಗ್ಗೆ, ಬಾಡಿಗೆ ಮನೆಯ ಕುರ್ಚಿಯಲ್ಲೇ ಹೋದರು. ಎಪ್ಪತ್ತೆಂಟು ವರ್ಷ.

ಕಾಗದಪತ್ರದ ಕಥೆಯನ್ನು ಬೇಗ ಮುಗಿಸುತ್ತೇನೆ, ಆದರೆ ಬಿಟ್ಟುಬಿಡಬೇಡಿ. ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು. ಮನೆಯಲ್ಲಿ ತೀರಿಕೊಂಡಿದ್ದರೆ, ನೋಡುತ್ತಿದ್ದ ಡಾಕ್ಟರರಿಂದ ಸಾವಿನ ಕಾರಣದ ಚೀಟಿಯನ್ನು ಆ ದಿನವೇ ಬರೆಸಿಕೊಳ್ಳಿ. ವಾರ ಬಿಟ್ಟು ಹೋದರೆ ಅವರಿಗೂ ಮುಜುಗರ, ನಿಮಗೂ ಓಡಾಟ. ನಾವು ಎಡವಿದ್ದು ಹೆಸರಿನಲ್ಲಿ. ಶಾಲೆಯ ದಾಖಲೆಯಲ್ಲಿ ಒಂದು, ಆಧಾರಿನಲ್ಲಿ ಅಪ್ಪನ ಹೆಸರು ನಡುವೆ ಸೇರಿ ಇನ್ನೊಂದು, ಚಿತ್ರಗಳ ಮೇಲಿನ ಸಹಿ ಮೂರನೆಯದು. ಮೂರೂ ಒಬ್ಬರೇ ಎಂದು ಪ್ರಮಾಣಪತ್ರ ಮಾಡಿಸಿ ನೋಟರಿಯ ಮುಂದೆ ಸಹಿ ಹಾಕಬೇಕಾಯಿತು. "ಸಹಿ ಯಾಕ್ರಿ ಇದರಾಗ?" ಎಂದು ನೋಟರಿ ಕೇಳಿದರು. ಮುಂದೆ ಯಾರಾದರೂ ಚಿತ್ರ ಇವರದೇ ಎಂಬುದಕ್ಕೆ ಏನು ಆಧಾರ ಎಂದು ಕೇಳಿದರೆ ಇದೇ ಕಾಗದ ತೋರಿಸಬೇಕು ಎಂದು ನನಗಾಗ ಹೊಳೆದಿತ್ತು. ಆಮೇಲೆ ಎರಡು ಸಲ ಉಪಯೋಗಕ್ಕೆ ಬಂತು.

ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಅರ್ಜಿ ಹಾಕಿದೆವು. ಪುಣೆಯಲ್ಲಿರುವ ಸಣ್ಣ ಮಾಮಾನ ಆಧಾರ್ ಪ್ರತಿ ಬರುವುದು ತಡವಾಗಿ, ಅಲ್ಲಿಗೇ ಆರು ವಾರ. ಇದರಲ್ಲೊಂದು ಅನಿರೀಕ್ಷಿತ ಗಂಟು ಸಿಕ್ಕಿತು. ತೀರಿಹೋದ ದೊಡ್ಡ ಮಾಮಾನ ಮಗನೂ ಪಾಲು ಕೇಳಿದ. ವಕೀಲರು ಹೇಳಿದ್ದಿಷ್ಟು: 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ಹೆಂಡತಿ ಮಕ್ಕಳಿಲ್ಲದ, ತಂದೆ ತಾಯಿಯೂ ಇಲ್ಲದ ಗಂಡಸು ಉಯಿಲು ಬರೆಯದೆ ತೀರಿಕೊಂಡರೆ, ಬದುಕಿರುವ ಅಣ್ಣತಮ್ಮ ಅಕ್ಕತಂಗಿಯರಿಗೆ ಸಮಪಾಲು. ಅವರಿರುವಾಗ ತೀರಿಹೋದ ಅಣ್ಣನ ಮಕ್ಕಳಿಗೆ ಬರುವುದಿಲ್ಲ. ಚಿತ್ರದ ಹಾಳೆಯಷ್ಟೇ ಅಲ್ಲ, ಅದರ ಕೃತಿಸ್ವಾಮ್ಯವೂ ಹೀಗೇ ಹರಿದುಬರುತ್ತದೆ; ಕಲಾವಿದ ತೀರಿದ ಮರುವರ್ಷದ ಜನವರಿಯಿಂದ 60 ವರ್ಷ ಅದು ಜೀವಂತ. ಅಂದರೆ ನಮ್ಮ ಮಾಮಾನ ಚಿತ್ರಗಳದು 2084ರ ಕೊನೆಯವರೆಗೆ. ಅವ್ವನಿಗೆ ಇದನ್ನು ಹೇಳಿದಾಗ "ಅಲ್ಲೀತನಕ ಯಾರ ಇರ್ತಾರ?" ಎಂದು ನಕ್ಕಳು.

ನಿಮ್ಮ ಮನೆಯ ಮಾಸ್ತರರು ಇನ್ನೂ ಇದ್ದರೆ ಒಂದು ಉಯಿಲು ಬರೆಸಿಡಿ. ಛಾಪಾ ಕಾಗದವೇ ಬೇಕೆಂದಿಲ್ಲ, ನೋಂದಣಿ ಕಡ್ಡಾಯವಲ್ಲ, ಇಬ್ಬರು ಸಾಕ್ಷಿಗಳು ಎದುರಿಗೆ ಸಹಿ ಮಾಡಿದರೆ ನಡೆಯುತ್ತದೆ. ಕೇಳಲು ನಾಚಿಕೆಯಾಗುತ್ತದೆ, ಗೊತ್ತು. ನಮಗೂ ಆಗಿತ್ತು. ಆ ನಾಚಿಕೆಯ ಬೆಲೆ ದೊಡ್ಡ ಮಾಮಾನ ಮಗನ ಜೊತೆ ಐದು ತಿಂಗಳ ಮಾತುಬಿಡುವಿಕೆ.

ಈ ಕಾಗದಗಳಿಗಾಗಿ ಓಡಾಡುತ್ತಿರುವಾಗಲೇ ಮನೆ ಖಾಲಿ ಮಾಡಲು ಮಾಲೀಕರು ತಿಂಗಳ ಗಡುವು ಕೊಟ್ಟಿದ್ದರು. ಎರಡನೆಯ ಭಾನುವಾರ ನಾನೂ ಅವ್ವನೂ ಗದಗಕ್ಕೆ ಹೋಗುವಷ್ಟರಲ್ಲಿ ಹಿತ್ತಲಿನ ಕೋಣೆ ಸ್ವಚ್ಛವಾಗಿತ್ತು. "ಹಳೇ ಪೇಪರ್ ಭಾಳ ಇದ್ವು, ಹುಳ ಹಿಡಿದಿದ್ವು, ರದ್ದಿಯವಂಗ ಕೊಟ್ಟೆ" ಎಂದರು. ಕೆಟ್ಟ ಮನಸ್ಸಿನಿಂದಲ್ಲ. ಅವರ ಕಣ್ಣಿಗೆ ಅವು ಹಳೇ ಪೇಪರೇ. ಮಾಮಾ ಒಳ್ಳೆಯ ಕಾರ್ಟ್ರಿಜ್ ಹಾಳೆಯಲ್ಲಿ ಚಿತ್ರ ಬರೆದದ್ದು ಕಡಿಮೆ. ಕ್ಯಾಲೆಂಡರಿನ ಹಿಂಬದಿ, ಮದುವೆಯ ಆಮಂತ್ರಣ, ಪರೀಕ್ಷೆಯಲ್ಲಿ ಉಳಿದ ಉತ್ತರಪತ್ರಿಕೆ, ಎಲ್ಲವೂ ಅವರಿಗೆ ಹಾಳೆಯೇ.

ಬೆಟಗೇರಿಯ ಹಾದಿಯಲ್ಲಿದ್ದ ರದ್ದಿ ಅಂಗಡಿಯಲ್ಲಿ ಗಂಟು ಇನ್ನೂ ಬಿಚ್ಚಿರಲಿಲ್ಲ. ಅರ್ಧ ಮಾತ್ರ. ಇನ್ನರ್ಧ ಹಿಂದಿನ ದಿನವೇ ಲಾರಿ ಹತ್ತಿತ್ತು. "ಅಕ್ಕಾರ, ನಾ ತೂಕಕ್ಕ ತಗೊಂಡೀನ್ರಿ, ಚಿತ್ರಕ್ಕಲ್ಲ. ನೀವೂ ತೂಕಕ್ಕ ಒಯ್ರಿ" ಎಂದ ಅಂಗಡಿಯವ. ಕಿಲೋಗೆ ಮೂವತ್ತರಂತೆ ಇಪ್ಪತ್ತಾರು ಕಿಲೋ, ಏಳುನೂರಾ ಎಂಬತ್ತು ರೂಪಾಯಿ. ರಶೀದಿ ಕೇಳಿದೆ, ನಕ್ಕ. ಈ ಇಡೀ ಕೆಲಸದಲ್ಲಿ ರಶೀದಿಯಿಲ್ಲದ ಖರ್ಚು ಅದೊಂದೇ. ಅವ್ವ ಆ ಗಂಟಿನ ಮೇಲೆ ಕೈ ಇಟ್ಟುಕೊಂಡು ಆಟೊದಲ್ಲಿ ಕೂತಳು, ಹುಬ್ಬಳ್ಳಿ ಬರುವವರೆಗೂ ಮಾತಾಡಲಿಲ್ಲ.

ಮೊದಲ ಪಾಠ ಅಲ್ಲೇ ಆಯಿತು: ಕ್ರಿಯಾಕರ್ಮಕ್ಕಿಂತ ಮೊದಲು ಕೋಣೆಗೆ ಬೀಗ ಹಾಕಿ, ಬೀಗದ ಕೈ ನಿಮ್ಮ ಹತ್ತಿರ ಇಟ್ಟುಕೊಳ್ಳಿ.

ನಾಲ್ಕು ಟ್ರಂಕು, ಒಂದು ಬೆತ್ತದ ಪೆಟ್ಟಿಗೆ, ಆ ಇಪ್ಪತ್ತಾರು ಕಿಲೋ. ಎಣಿಸಿದಾಗ 1,146 ಹಾಳೆ. ಎಣಿಸಲು ಎರಡು ತಿಂಗಳು ಹಿಡಿಯಿತು, ಏಕೆಂದರೆ ಬೂಸಲು ಹಿಡಿದ ಹಾಳೆಯನ್ನು ಬಿಸಿಲಿಗೆ ಹಾಕಿ ಒರೆಸಿಬಿಡುವಂತಿಲ್ಲ. ನೆರಳಲ್ಲಿ, ಗಾಳಿಯಾಡುವಲ್ಲಿ ಒಂದೊಂದನ್ನೇ ಹರಡಿ ಒಣಗಿಸಿ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಮೆತ್ತನೆಯ ಕುಂಚದಿಂದ ಜಾಡಿಸಬೇಕು. ಹಳದಿಯಾದ ಸೆಲ್ಲೋಟೇಪನ್ನು ಕೀಳಲು ಹೋಗಬೇಡಿ, ಚಿತ್ರವನ್ನೂ ಕಿತ್ತುಕೊಂಡು ಬರುತ್ತದೆ. ನುಸಿಗುಳಿಗೆ ಹಾಳೆಗೆ ತಾಗುವಂತೆ ಇಡಬೇಡಿ. ಲ್ಯಾಮಿನೇಶನ್ ಮಾಡಿಸಿದರೆ ನೂರು ವರ್ಷ ಇರುತ್ತದೆ ಎಂದು ಯಾರೇ ಹೇಳಲಿ, ಕೈಮುಗಿದು ಕಳಿಸಿಬಿಡಿ. ದೊಡ್ಡ ಮಾಮಾನ ಮಗ ಪ್ರೀತಿಯಿಂದಲೇ ನಾಲ್ಕು ಹಾಳೆ ಲ್ಯಾಮಿನೇಟ್ ಮಾಡಿಸಿ ತಂದಿದ್ದ. ಜಲವರ್ಣದ ಮೇಲೆ ಪ್ಲಾಸ್ಟಿಕ್ಕು ಬಿಸಿಯಲ್ಲಿ ಅಂಟಿದರೆ ಮುಗಿಯಿತು, ಬಿಡಿಸುವ ಮಾತೇ ಇಲ್ಲ.

ಮಾಮಾನ ಹಳೆಯ ವಿದ್ಯಾರ್ಥಿಯೊಬ್ಬರು, ಈಗ ಮದುವೆ ಫೋಟೊ ತೆಗೆಯುವವರು, ಶನಿವಾರಕ್ಕೊಮ್ಮೆ ಬಂದು ಉತ್ತರದ ಕಿಟಕಿಯ ಬೆಳಕಿನಲ್ಲಿ ಒಂದೊಂದೇ ಹಾಳೆಯ ಫೋಟೊ ತೆಗೆದರು. ಪಕ್ಕದಲ್ಲೊಂದು ಬಣ್ಣದ ಪಟ್ಟಿ, ಒಂದು ಅಡಿಕೋಲು. ನಾನು ರಿಜಿಸ್ಟರಿನಲ್ಲಿ ಸಂಖ್ಯೆ, ಅಳತೆ, ಮಾಧ್ಯಮ, ಸ್ಥಿತಿ ಬರೆಯುತ್ತಿದ್ದೆ. ಮೂರನೆಯ ಶನಿವಾರ, ಸುಮಾರು ಇನ್ನೂರನೆಯ ಹಾಳೆಯ ಹೊತ್ತಿಗೆ, ಅವರು ಫೋಟೊ ತೆಗೆದಾದ ಮೇಲೆ ಹಾಳೆ ಮಗುಚಿಬಿತ್ತು.

ಹಿಂದೆ ಬರವಣಿಗೆ ಇತ್ತು. ಪೆನ್ಸಿಲ್ಲು, ಸಣ್ಣ ಅಕ್ಷರ, ಹಾಳೆಯ ಎಡ ಕೆಳಮೂಲೆಯಲ್ಲಿ. "ಮಣಿಕರ್ಣಿಕಾ. ಬೆಳಿಗ್ಗೆ 6. ನೀರಿನ ಬಣ್ಣ ತಪ್ಪಿತು, ನೀರೇ ಬೇರೆ. ಚಹಾ 1 ರೂ. ದೋಣಿಯವ ನನ್ನ ಚಿತ್ರ ನೋಡಿ ತನ್ನ ದೋಣಿ ಸಣ್ಣದಾಯಿತೆಂದು ಜಗಳ ತೆಗೆದ."

ನಾವಿಬ್ಬರೂ ಹಿಂದಿನ ಇನ್ನೂರನ್ನೂ ಮತ್ತೆ ತೆಗೆದೆವು. ಹತ್ತರಲ್ಲಿ ಏಳರ ಹಿಂದೆ ಏನಾದರೂ ಇತ್ತು. ಒಂದರ ಹಿಂದೆ ಬರೀ ಖರ್ಚು. ಇನ್ನೊಂದರ ಹಿಂದೆ, ಎಲ್ಲೋರಾದಲ್ಲಿ ಕೂತು, ಆ ವರ್ಷ ಲೋವರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಯಲ್ಲಿ ನಪಾಸಾದ ಆರು ಹುಡುಗರ ಹೆಸರು, ಪ್ರತಿಯೊಂದರ ಮುಂದೆ ಕಾರಣ: "ವಸ್ತುಚಿತ್ರ, ನೆರಳು ತಿರುಗುಮುರುಗು", "ಕೈ ಚಲೋ, ಮನೆಯಲ್ಲಿ ಬಣ್ಣ ಇಲ್ಲ", "ಹೆದರಿಕೆ". ಬಣ್ಣ ಇಲ್ಲದ ಹುಡುಗನಿಗೆ ಜೂನಿನಲ್ಲಿ ಡಬ್ಬಿ ಕೊಟ್ಟದ್ದು ಅದೇ ಹಾಳೆಯಲ್ಲಿ ಬೇರೆ ಪೆನ್ನಿನಲ್ಲಿ ನಮೂದಾಗಿದೆ, ಹದಿನೆಂಟು ರೂಪಾಯಿ. ಬಾದಾಮಿಯ ಹಾಳೆಗಳಂತೂ ಎಂಬತ್ತಕ್ಕೂ ಹೆಚ್ಚು. ಪ್ರತಿ ವರ್ಷ ಡಿಸೆಂಬರಿನಲ್ಲಿ ಹುಡುಗರನ್ನು ರೈಲಿನಲ್ಲಿ ಕರೆದೊಯ್ಯುತ್ತಿದ್ದರು. ಮೂರನೆಯ ಗುಹೆಯಲ್ಲಿ, ಚಾಲುಕ್ಯರ ಮಂಗಳೇಶ ಕೊರೆಸಿದ, 578ರ ಶಾಸನವಿರುವ ಆ ಗುಹೆಯಲ್ಲಿ, ಚಾವಣಿಯಂಚಿನಲ್ಲಿ ಉಳಿದ ಬಣ್ಣದ ತುಣುಕನ್ನು ತೋರಿಸಿ ಒಬ್ಬೊಬ್ಬರೂ ಅದರ ಬಣ್ಣದ ಹೆಸರು ಹೇಳಬೇಕು. ಆಮೇಲೆ ತಟ್ಟುಕೋಟೆಯ ಬಂಡೆಯ ಮೇಲಿನ ಕಪ್ಪೆ ಅರಭಟ್ಟನ ಶಾಸನದ ಮುಂದೆ ಕೂಡಿಸಿ ಅಕ್ಷರ ಬರೆಸುವುದು. ಲೆಟರಿಂಗ್ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಪುಸ್ತಕ ಇಲ್ಲ ಎನ್ನುತ್ತಿದ್ದರಂತೆ. ಫೋಟೊಗ್ರಾಫರ್ ಇದನ್ನು ಓದಿ, "ನಾನೂ ಹೋಗಿದ್ದೆ, 'ಸಾಧುಗೆ' ಅಂತ ಬರೆಯೂದ್ರಾಗ ಸಾಕಾಗಿತ್ತು" ಎಂದು ತಮ್ಮ ಕೈಯನ್ನೇ ನೋಡಿಕೊಂಡರು.

ಅಲ್ಲಿಂದ ನಮ್ಮ ಪದ್ಧತಿ ಬದಲಾಯಿತು. ಪ್ರತಿ ಹಾಳೆಗೆ ಎರಡು ಫೋಟೊ, ಒಂದೇ ಸಂಖ್ಯೆ, ಕೊನೆಗೆ 'ಮುಂ' ಮತ್ತು 'ಹಿಂ'. ಹಿಂಬದಿಯ ಬರಹವನ್ನು ಇದ್ದದ್ದು ಇದ್ದಹಾಗೆ, ತಪ್ಪು ತಿದ್ದದೆ, ನಾನು ಟೈಪ್ ಮಾಡಿದೆ. ನೀವು ಈ ಬರಹದಿಂದ ಒಂದೇ ಒಂದು ಮಾತು ಇಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ತಾರೀಖಿಲ್ಲದ ಹಾಳೆಗಳಿಗೆ ಇನ್ನೊಂದು ದಾರಿ ಸಿಕ್ಕಿತು. ಅವ್ವನ ಬಿಸ್ಕೀಟ್ ಡಬ್ಬಿಯಲ್ಲಿ ಅಷ್ಟೂ ಅಂಚೆ ಕಾರ್ಡುಗಳಿದ್ದವು. 1971ರಿಂದ 2003ರವರೆಗೆ, ವರ್ಷದ ಕ್ರಮದಲ್ಲಿ, ರಬ್ಬರ್ ಬ್ಯಾಂಡು ಹಾಕಿ. ಅಂಚೆ ಮುದ್ರೆಯಲ್ಲಿ ಊರೂ ತಾರೀಖೂ ಇರುತ್ತದಲ್ಲ? ಅವನ್ನು ಸಾಲಾಗಿ ಹಾಸಿದರೆ ಮೂವತ್ತು ಚಿಲ್ಲರೆ ವರ್ಷಗಳ ಪ್ರವಾಸದ ನಕ್ಷೆಯೇ ನೆಲದ ಮೇಲೆ ಬಂತು. ಕಾರ್ಡಿನ ಚಿತ್ರವನ್ನು ಹಾಳೆಯ ಚಿತ್ರದ ಜೊತೆ ಹೊಂದಿಸಿ ನಾನೂರಕ್ಕೂ ಹೆಚ್ಚು ಹಾಳೆಗಳಿಗೆ ವರ್ಷ ಹಾಕಿದೆವು. ಒಂದು ಬೇಸಿಗೆ ಮಾತ್ರ ಖಾಲಿ. "87ರದ್ದು ಇಲ್ಲ. ಆ ವರ್ಷ ಅವಂಗ ನೆನಪ ಆಗಲಿಲ್ಲ" ಎಂದಳು ಅವ್ವ, ಡಬ್ಬಿ ಮುಚ್ಚುತ್ತ. ಮೂವತ್ತೆಂಟು ವರ್ಷದ ಸಿಟ್ಟು ಅದರಲ್ಲಿತ್ತು.

ಪ್ರದರ್ಶನ ಮಾಡೋಣ ಎಂದದ್ದು ವಿದ್ಯಾರ್ಥಿಗಳು. ಜಾಗ ಸಿಗುವುದು ಚಿತ್ರ ಜೋಡಿಸುವುದಕ್ಕಿಂತ ಕಷ್ಟ. ಒಂದು ಕಡೆ ವಿಚಾರಿಸಿದಾಗ ಮೊದಲ ಪ್ರಶ್ನೆ, "ಯಾವ ಪ್ರಶಸ್ತಿ ಬಂದಿತ್ತು?" ಬಂದಿರಲಿಲ್ಲ. ಹೆಬ್ಬಾರರನ್ನು, ಹಾಲಭಾವಿಯವರನ್ನು, ಎಸ್.ಎಂ. ಪಂಡಿತರನ್ನು ಬಲ್ಲವರಿಗೆ ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರ ಯಾಕೆ ಗೊತ್ತಿರಬೇಕು, ಅದು ತಪ್ಪೇನಲ್ಲ. ಆದರೆ ಸ್ವವಿವರ ಕೇಳಿದಾಗ ಕೊಡಲು ಒಂದು ಪುಟ ತಯಾರಿರಲಿ: ಹುಟ್ಟು, ಕಲಿಕೆ, ಕೆಲಸ, ಕೃತಿಗಳ ಸಂಖ್ಯೆ, ಹತ್ತು ಒಳ್ಳೆಯ ಫೋಟೊ, ವಾರಸುದಾರರ ಒಪ್ಪಿಗೆ ಪತ್ರ. ಇವಿಲ್ಲದೆ ನಾನು ಎರಡು ಸಲ ಬರಿಗೈಲಿ ವಾಪಸಾದೆ. ಕೊನೆಗೆ ಧಾರವಾಡದ ಒಂದು ಗ್ಯಾಲರಿ ದಿನಕ್ಕೆ ಎರಡು ಸಾವಿರದಂತೆ ಸಿಕ್ಕಿತು. ಏಪ್ರಿಲ್ ಎಂದದ್ದು ಅವರದೇ ಒಂದು ಕಾರ್ಯಕ್ರಮಕ್ಕಾಗಿ ಜೂನಾಯಿತು, ಜೂನ್ ಸೋರುವ ಚಾವಣಿಯಿಂದ ಸೆಪ್ಟೆಂಬರ್ ಆಯಿತು. ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸಿಬಿಟ್ಟಿದ್ದೆವು. ಮುನ್ನೂರು ಪತ್ರಿಕೆ ಈಗ ಮನೆಯಲ್ಲಿ ಚೀಟಿ ಬರೆಯಲು ಆಗಿವೆ. ಮಾಮಾ ಇದ್ದಿದ್ದರೆ ಅದರ ಹಿಂದೆ ಚಿತ್ರ ಬರೆಯುತ್ತಿದ್ದರು.

ಈಗ ನನ್ನ ತಪ್ಪಿನಿಂದ ಹಾಳಾದ ಹನ್ನೊಂದು ಹಾಳೆಗಳ ವಿಷಯ. ಬರೆಯಲು ಮನಸ್ಸಿಲ್ಲ, ಬರೆಯದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ.

ಆಯ್ದ ಎಪ್ಪತ್ತೆರಡು ಹಾಳೆಗಳಲ್ಲಿ ಮೊದಲ ಹದಿನೈದನ್ನು ಫ್ರೇಮಿಗೆ ಕೊಟ್ಟದ್ದು ಬೇಗನೆ, ನಾವಿನ್ನೂ ಹಿಂಬದಿ ನೋಡುವ ಮೊದಲೇ. ಏಪ್ರಿಲ್ ಪ್ರದರ್ಶನ ಎಂಬ ಅವಸರ. ಮುಂಗಡ ಕೊಟ್ಟು ಬಂದು ಮರೆತಿದ್ದೆವು. ಹಿಂಬದಿಯ ಬರಹ ಸಿಕ್ಕ ಮೇಲಿನ ಸೋಮವಾರ ಎದ್ದವಳೇ ಅಂಗಡಿಗೆ ಓಡಿದೆ. ಹದಿನೈದರಲ್ಲಿ ಹನ್ನೊಂದು ಆಗಲೇ ಹಾರ್ಡ್‌ಬೋರ್ಡಿಗೆ ಅಂಟಿಸಿಯಾಗಿತ್ತು, ಬಿಳಿ ಅಂಟಿನಿಂದ, ಹಾಳೆಯ ತುಂಬ ಸವರಿ, ಮೇಲೆ ಭಾರ ಇಟ್ಟು. "ಸುಕ್ಕು ಬರಬಾರದಲ್ರಿ, ಅದಕ್ಕ" ಎಂದರು. ಅವರ ಕೆಲಸದಲ್ಲಿ ಅದು ಅಚ್ಚುಕಟ್ಟುತನ. ಗಣಪತಿ ಕ್ಯಾಲೆಂಡರಿಗೆ, ಕುಟುಂಬದ ಫೋಟೊಗೆ ಹಾಗೇ ಮಾಡುತ್ತಾರೆ. ನಾನು ಏನೂ ಹೇಳಿಯೇ ಇರಲಿಲ್ಲ. ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಕೂತು ಅತ್ತೆ. ಅವರು ಚಹಾ ತರಿಸಿಕೊಟ್ಟರು.

ಫ್ರೇಮಿಗೆ ಕೊಡುವಾಗ ಹೇಳಬೇಕಾದದ್ದನ್ನು ಈಗ ಬಾಯಿಪಾಠ ಹೇಳಬಲ್ಲೆ. ಅಂಟು ಬೇಡ. ಹಾಳೆಯ ಮೇಲಂಚನ್ನು ಮಾತ್ರ ಅಕ್ಕಿ ಅಥವಾ ಗೋಧಿ ಗಂಜಿ ಹಚ್ಚಿದ ತೆಳು ಕಾಗದದ ಎರಡು ಕೀಲುಗಳಿಂದ ಹಿಡಿಸಿ, ಉಳಿದದ್ದು ತೂಗಾಡಲಿ. ಹಿಂದೆ ಮುಂದೆ ಆಮ್ಲರಹಿತ ಮೌಂಟ್‌ಬೋರ್ಡು. ಸಾದಾ ಬೋರ್ಡು ಹತ್ತು ವರ್ಷದಲ್ಲಿ ಹಾಳೆಯನ್ನು ಕಂದು ಮಾಡುತ್ತದೆ. ಗಾಜು ಚಿತ್ರಕ್ಕೆ ತಾಗಬಾರದು. ಇದನ್ನೆಲ್ಲ ಚೀಟಿಯಲ್ಲಿ ಬರೆದು, ಒಂದು ಮಾದರಿ ಮಾಡಿಸಿ, ಬಿಚ್ಚಿ ನೋಡಿ, ಆಮೇಲೆ ಉಳಿದವನ್ನು ಕೊಡಿ. ಉಳಿದ ಫ್ರೇಮುಗಳನ್ನು ಬೇರೆ ಅಂಗಡಿಯಲ್ಲಿ ಹೀಗೇ ಮಾಡಿಸಿದೆವು. ಮೊದಲಿನವನ್ನೂ ಸೇರಿಸಿ ಸರಾಸರಿ ಒಂದಕ್ಕೆ ಎಂಟುನೂರೈವತ್ತು ಬಿತ್ತು. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಆವರಣದಲ್ಲಿ, ಪರಂಪರೆ ಉಳಿಸುವ ಕೆಲಸದ ಸಂಸ್ಥೆ ಇಂಟ್ಯಾಕ್‌ನ ಕಲಾ ಸಂರಕ್ಷಣಾ ಕೇಂದ್ರವಿದೆ. ಅಂಟಿದ ಹಾಳೆ ಬಿಡಿಸುವಂಥ ಕೆಲಸ ಬಲ್ಲವರು ಇದ್ದಾರೆ ಎಂಬುದೇ ನಮ್ಮ ಕಡೆ ಬಹಳ ಜನಕ್ಕೆ ಗೊತ್ತಿಲ್ಲ, ನನಗೂ ಗೊತ್ತಿರಲಿಲ್ಲ. ವಿಚಾರಿಸುತ್ತ ಹೋಗಿ ಬೆಂಗಳೂರಿನಲ್ಲೇ ಸ್ವಂತವಾಗಿ ಕೆಲಸ ಮಾಡುವ ಒಬ್ಬ ಸಂರಕ್ಷಕಿಯ ಕೈಗೆ ಆ ಹನ್ನೊಂದನ್ನೂ ಒಪ್ಪಿಸಿ ಬಂದೆ. "ತಿಂಗಳುಗಳು ಬೇಕು, ಎಲ್ಲವೂ ಬರುತ್ತೆ ಅಂತ ಹೇಳಲ್ಲ" ಎಂದರು.

ಸೆಪ್ಟೆಂಬರಿನ ಆ ಆರು ದಿನ. ಎರಡು ದಿನ ಮೊದಲು ಹೋಗಿ ನೋಡಿದರೆ ಗ್ಯಾಲರಿಯ ತುಂಬ ಉರಿಯುವ ಸ್ಪಾಟ್‌ಲೈಟುಗಳು. ಜಲವರ್ಣಕ್ಕೆ ಬೀಳುವ ಬೆಳಕು 50 ಲಕ್ಸ್ (ಬೆಳಕಿನ ಅಳತೆ) ದಾಟಬಾರದು ಎಂದು ಸಂರಕ್ಷಕಿ ಹೇಳಿದ್ದರು. ಮೊಬೈಲಿನ ಆ್ಯಪ್ ಮುನ್ನೂರು ತೋರಿಸಿತು. ಅರ್ಧ ದೀಪ ತೆಗೆಸಿ, ಉಳಿದವಕ್ಕೆ ಬಟರ್ ಪೇಪರ್ ಕಟ್ಟಿದೆವು. "ಕತ್ತಲಾತಲ್ರಿ" ಎಂದು ಬಂದವರೆಲ್ಲ ಹೇಳಿದರು, ಎರಡು ನಿಮಿಷಕ್ಕೆ ಕಣ್ಣು ಹೊಂದಿಕೊಂಡಿತು. ಭಾಷಣ ಇಟ್ಟಿರಲಿಲ್ಲ. ಅವರ ಮೊದಲ ಬ್ಯಾಚಿನ ಒಬ್ಬರು, ಈಗ ಎಪ್ಪತ್ತರ ಹತ್ತಿರದವರು, ಸೈನ್‌ಬೋರ್ಡ್ ಬರೆದು ಬದುಕು ಕಟ್ಟಿಕೊಂಡವರು, ಒಂದು ಕರಿಹಲಗೆಯ ಮೇಲೆ ಬಳಪದಿಂದ ಒಂದೇ ಗೆರೆಯಲ್ಲಿ ಹೂಜಿಯ ಚಿತ್ರ ಬರೆದರು. ಅದೇ ಉದ್ಘಾಟನೆ.

ಪ್ರತಿ ಚಿತ್ರದ ಪಕ್ಕ ಹಿಂಬದಿಯ ಫೋಟೊವನ್ನೂ ಅದೇ ಅಳತೆಯಲ್ಲಿ ಅಚ್ಚು ಹಾಕಿಸಿ ತೂಗುಹಾಕಿದ್ದೆವು. ಜನ ಮುಂಬದಿಯ ಮುಂದೆ ನಿಂತದ್ದಕ್ಕಿಂತ ಹಿಂಬದಿಯ ಮುಂದೆ ನಿಂತದ್ದು ಹೆಚ್ಚು. ಕಾಠ್ಮಂಡುವಿನ ಕಾಷ್ಠಮಂಡಪದ ಚಿತ್ರದ ಹಿಂದೆ ಪೆನ್ಸಿಲ್ಲಿನಲ್ಲಿ "ಒಂದೇ ಮರದಿಂದ ಕಟ್ಟಿದ್ದೆಂದು ಹೇಳುತ್ತಾರೆ, ನಂಬಲಿಲ್ಲ" ಎಂದಿತ್ತು. ಅದರ ಕೆಳಗೆ ನೀಲಿ ಬಾಲ್ ಪೆನ್ನಿನಲ್ಲಿ, ನಡುಗುವ ಅಕ್ಷರದಲ್ಲಿ, "25-4-2015. ಬಿತ್ತು". ಭೂಕಂಪದ ದಿನ ಟಿವಿ ನೋಡಿ, ಎದ್ದು, ಟ್ರಂಕು ತೆಗೆದು ಹುಡುಕಿ ಬರೆದಿರಬೇಕು.

ನಾಲ್ಕನೆಯ ದಿನ ಬಾಗಲಕೋಟೆಯ ನವನಗರದಿಂದ ಒಬ್ಬ ಅಜ್ಜಿಯನ್ನು ಮೊಮ್ಮಗ ಕರೆದುಕೊಂಡು ಬಂದ. ಆಲಮಟ್ಟಿಯ ಹಿನ್ನೀರು ಹಳೇ ಬಾಗಲಕೋಟೆಯ ತಗ್ಗಿನ ಓಣಿಗಳನ್ನು ನುಂಗುವ ಮೊದಲು ಮಾಮಾ ಅಲ್ಲಿ ಮೂರು ದೀಪಾವಳಿ ರಜೆ ಕಳೆದು ಮನೆಮನೆಯ ಬಾಗಿಲು ಬರೆದಿದ್ದರು. ಗೋಡೆಯ ಮೇಲಿನ ಪರಿಹಾರದ ನಂಬರು ಸಹಿತ. ಅಜ್ಜಿ ಒಂದು ಚಿತ್ರದ ಮುಂದೆ ನಿಂತು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಗದರುವವರಂತೆ, "ಇದು ನಮ್ಮ ಮನಿ. ಕಟ್ಟಿ ಖರೆ, ಗೂಡು ಖರೆ. ಬಾಗಲಾ ಸುಳ್ಳ. ನಮ್ಮ ಬಾಗಲಾ ಹಸರು ಇತ್ತು, ಇಂವಾ ನೀಲಿ ಹಚ್ಯಾನ" ಎಂದರು. ನಾನು ಪಕ್ಕದ ಹಿಂಬದಿಯನ್ನು ಓದಿ ಹೇಳಿದೆ: "ಬಾಗಿಲು ಹಸಿರು. ಹಸಿರು ಮುಗಿದಿದೆ, ನೀಲಿ ಹಚ್ಚಿದೆ. ಮನೆಯಾಕೆ ಮಜ್ಜಿಗೆ ಕೊಟ್ಟರು."

ಅಜ್ಜಿ ಇನ್ನೊಮ್ಮೆ ಓದಿಸಿಕೊಂಡರು. "ಮಜ್ಜಿಗಿ ನಾನs ಕೊಟ್ಟಿರಬೇಕು" ಎಂದರು. ಮೊಮ್ಮಗ ಮೊಬೈಲಿನಲ್ಲಿ ಫೋಟೊ ತೆಗೆಯಲು ಹೋದರೆ, ಹಿಂದಿನದನ್ನೂ ತೆಗಿ ಎಂದು ಅವರೇ ಹೇಳಿದರು.

ಮಾರಾಟದ ಮಾತು ಬಂದೇ ಬರುತ್ತದೆ, ಮೊದಲೇ ಮನೆಯವರು ಕೂತು ನಿರ್ಧರಿಸಿ. ಕಾಶಿಯ ಒಂದು ಹಾಳೆಗೆ ಇಪ್ಪತ್ತೈದು ಸಾವಿರ ಕೊಡುತ್ತೇನೆಂದು ಒಬ್ಬರು ಎರಡನೆಯ ದಿನವೇ ಕೇಳಿದರು. ಸಣ್ಣ ಮಾಮಾ ಕೊಡೋಣ ಎಂದರು, ಅವ್ವ ಬೇಡ ಎಂದಳು. ಗ್ಯಾಲರಿಯ ಬಾಗಿಲಲ್ಲಿ, ಜನರೆದುರು. ಕೊನೆಗೆ ಒಂದೇ ಜಾಗವನ್ನು ಎರಡು ಮೂರು ಸಲ ಬರೆದಿದ್ದ ಹಾಳೆಗಳಲ್ಲಿ ಐದನ್ನು ಮಾತ್ರ ಕೊಟ್ಟೆವು. ರಶೀದಿಯಲ್ಲಿ ಒಂದು ಸಾಲು ಸೇರಿಸಿದೆ: ಹಾಳೆ ಮಾತ್ರ ಮಾರಿದೆ, ಕೃತಿಸ್ವಾಮ್ಯ ವಾರಸುದಾರರಲ್ಲೇ ಇದೆ. ಲಿಖಿತವಾಗಿ ವಹಿಸಿಕೊಡದೆ ಅದು ಹೋಗುವುದಿಲ್ಲ ನಿಜ, ಆದರೆ ಕೊಂಡವರು ಆಮೇಲೆ ಕ್ಯಾಲೆಂಡರ್ ಅಚ್ಚು ಹಾಕಿಸಿದಾಗ ಮುಖ ಕೆಡುವುದಕ್ಕಿಂತ ಈಗಲೇ ಬರೆಯುವುದು ಒಳ್ಳೆಯದು. ಹತ್ತು ಸಾವಿರಕ್ಕಿಂತ ಹೆಚ್ಚಿಗೆ ಮರುಮಾರಾಟವಾದರೆ ಕಲಾವಿದನ ವಾರಸುದಾರರಿಗೂ ಒಂದು ಪಾಲಿನ ಹಕ್ಕಿದೆ ಎಂದು ಕೃತಿಸ್ವಾಮ್ಯ ಕಾಯ್ದೆ ಹೇಳುತ್ತದೆ. ಅದು ಕೈಗೆ ಬರುತ್ತದೆಂದು ನಾನು ಲೆಕ್ಕ ಹಿಡಿದಿಲ್ಲ.

ಲೆಕ್ಕ ಕೇಳುವವರಿಗೆ: ಫ್ರೇಮು 61,200. ಗ್ಯಾಲರಿ 12,000. ಟೆಂಪೊ 9,000. ಅಚ್ಚಿನ ಕೆಲಸ, ಹಾಳಾದ ಆಮಂತ್ರಣ ಸೇರಿ, 14,500. ಬೋರ್ಡು, ಫೋಲ್ಡರು, ಬಟರ್ ಪೇಪರ್, ರದ್ದಿಯವನ 780 ಎಲ್ಲ ಕೂಡಿ 18,000. ಓಡಾಟ 8,000. ಸಂರಕ್ಷಕಿಗೆ ಈವರೆಗೆ 22,000. ಒಟ್ಟು 1,44,700 ರೂಪಾಯಿ. ಫೋಟೊಗ್ರಾಫರ್ ದುಡ್ಡು ಮುಟ್ಟಲಿಲ್ಲ. ವಿದ್ಯಾರ್ಥಿಗಳು ಕೂಡಿಸಿದ್ದೂ ಐದು ಹಾಳೆಗಳಿಂದ ಬಂದದ್ದೂ ಸೇರಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ತುಂಬಿತು.

ಉಳಿದ ಹಾಳೆಗಳು ಎಲ್ಲಿಗೆ ಹೋಗಬೇಕೆಂದು ಇನ್ನೂ ತೀರ್ಮಾನವಾಗಿಲ್ಲ. ಶಾಲೆಗೆ ಕೊಡುವ ಆಸೆ ಇತ್ತು. ಈಗ ಅಲ್ಲಿ ಚಿತ್ರಕಲೆಯ ಮಾಸ್ತರರೇ ಇಲ್ಲ. ಸದ್ಯಕ್ಕೆ ಮಾಳಿಗೆಯ ಸ್ಟೀಲ್ ಕಪಾಟು, ಅದರೊಳಗೆ ತೇವ ಹೀರುವ ಸಿಲಿಕಾ ಪೊಟ್ಟಣಗಳು, ತಿಂಗಳಿಗೊಮ್ಮೆ ತೆಗೆದು ನೋಡುವುದು.

ಇವತ್ತು ಬೆಳಿಗ್ಗೆ ಸಂರಕ್ಷಕಿಯ ಫೋಟೊ ಬಂತು. ಹನ್ನೊಂದರಲ್ಲಿ ಮೂರು ಬಿಟ್ಟಿವೆ. ಮುಂದೆ ಜಲವರ್ಣ ಇರುವುದರಿಂದ ನೆನೆಸುವಂತಿಲ್ಲ. ಹಾರ್ಡ್‌ಬೋರ್ಡನ್ನು ಹಿಂದಿನಿಂದ ಪದರ ಪದರವಾಗಿ ಹೆರೆದು, ಕೊನೆಯ ತೆಳು ಪದರಕ್ಕೆ ಮಾತ್ರ ಸ್ವಲ್ಪವೇ ತೇವ ಕೊಟ್ಟು ಬಿಡಿಸಿದ್ದಾರಂತೆ. ಎರಡರ ಹಿಂದೆ ಮಸಿ ಕದಡಿ ನೀಲಿ ಮೋಡವಷ್ಟೇ ಉಳಿದಿದೆ. ಮೂರನೆಯದು ಪೆನ್ಸಿಲ್ಲು, ಓದಲು ಬರುತ್ತದೆ. ಮುಂದೆ ಮರಳು, ಮುರಿದ ಗೋಡೆಗಳು, ಆಚೆ ಸಮುದ್ರ. ಯಾವ ಊರೆಂದು ನಮಗೆ ಗೊತ್ತಾಗಿರದ ಚಿತ್ರ. ನಾನು ಫೋಟೊ ದೊಡ್ಡದು ಮಾಡಿ ಅವ್ವನಿಗೆ ಓದಿ ಹೇಳಿದೆ.

"ಧನುಷ್ಕೋಡಿ, ಮೇ 87. 64ರ ಚಂಡಮಾರುತದಲ್ಲಿ ಹೋದ ಊರು. ಸ್ಟೇಶನ್ ಇಲ್ಲ, ಅಂಚೆ ಕಚೇರಿಯ ಗೋಡೆ ಮಾತ್ರ ಇದೆ, ಅದನ್ನೇ ಬರೆದೆ. ಅಕ್ಕನ ಕಾರ್ಡು ಮದುರೈಯಿಂದ ಹಾಕಬೇಕು."

ಅವ್ವ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡಳು.

"ಮದುರೈದಿಂದನೂ ಬರಲಿಲ್ಲ ಅದು" ಎಂದಳು.